ಒಂದು ಅಂಡರ್‌ಸ್ಕೋರಿನ ಅಂತರ

ಸಿನಿಮಾ ಬಿಡುಗಡೆಯಾದ್ರೆ ಶುಕ್ರವಾರ ಮಧ್ಯಾಹ್ನದೊಳಗೆ ಹತ್ತು ವಿಮರ್ಶೆ ಬಂದಿರುತ್ತೆ. ಕಾದಂಬರಿ ಬಂದ್ರೆ ಆರು ತಿಂಗಳು ತಡವಾಗಿಯಾದರೂ ಒಂದು ಬರುತ್ತೆ. ಬೆಣ್ಣೆ ದೋಸೆಗೂ ಐದಕ್ಕೆ ಎಷ್ಟು ಸ್ಟಾರ್ ಅಂತ ಕೊಡುವವರಿದ್ದಾರೆ. ಆದರೆ ನಮ್ಮಲ್ಲಿ ಎಷ್ಟೋ ಜನ ದಿನವಿಡೀ ಕೂತು ಓದುವ ಬರಹ ಒಂದಿದೆ, ಕೋಡು. ಅದಕ್ಕೆ ರಿವ್ಯೂ ಇದೆ, ವಿಮರ್ಶೆ ಇಲ್ಲ. ರಿವ್ಯೂ ಅಂದ್ರೆ ಗೊತ್ತಲ್ಲ: 'ಇಲ್ಲೊಂದು ಸ್ಪೇಸ್ ಜಾಸ್ತಿ ಇದೆ', 'ಟೆಸ್ಟ್ ಬರ್ದಿದ್ದೀರಾ?', ಆಮೇಲೆ 'ಅಪ್ರೂವ್ಡ್'. ಈ ಸಾಲು ಓದುವವನಿಗೆ ಏನು ಹೇಳುತ್ತೆ, ಏನು ಹೇಳದೆ ಬಿಡುತ್ತೆ ಅಂತ ಕೂತು ಯೋಚಿಸೋಕೆ ಸ್ಪ್ರಿಂಟ್‌ನಲ್ಲಿ ಜಾಗ ಎಲ್ಲಿ? ಇವತ್ತು ಒಂದೇ ಒಂದು ಸಾಲನ್ನ ಹಾಗೆ ಓದೋಣ.

ಸಾಲು ಇದು: (ಸ + ಮ − 1) ÷ ಮ × ಮ.

ಇಲ್ಲಿ 'ಸ' ಅಂದ್ರೆ ನಿಮ್ಮ ಕೈಲಿರುವ ಸಂಖ್ಯೆ, 'ಮ' ಅಂದ್ರೆ ಮಗ್ಗಿ. ಸಂಖ್ಯೆಯನ್ನ ಆ ಮಗ್ಗಿಯಲ್ಲಿ ಸಿಗುವ ಮೇಲಿನ ಮೆಟ್ಟಿಲಿಗೆ ಏರಿಸಬೇಕು. ಈಗಾಗಲೇ ಮೆಟ್ಟಿಲ ಮೇಲೇ ಇದ್ದರೆ ಅಲ್ಲೇ ಬಿಡಬೇಕು. 8ರ ಮಗ್ಗಿ ತಗೊಳ್ಳಿ. 13ಕ್ಕೆ 7 ಕೂಡಿಸಿದರೆ 20. ಪೂರ್ಣಾಂಕದ ಭಾಗಾಕಾರ ಶೇಷವನ್ನ ಬಿಸಾಕುತ್ತೆ, ಹಾಗಾಗಿ 20ನ್ನ 8ರಿಂದ ಭಾಗಿಸಿದರೆ 2, ಎರಡೆಂಟ್ಲೆ 16. 16ಕ್ಕೇ ಮಾಡಿದರೆ 23, ಮತ್ತೆ 2, ಮತ್ತೆ 16. 17ಕ್ಕೆ ಮಾಡಿದರೆ 24. ಒಂದು 'ಇಫ್' ಇಲ್ಲ, ಒಂದು ಲೂಪ್ ಇಲ್ಲ. ಶಾಲೆಯಲ್ಲಿ ಲ.ಸಾ.ಅ. ಮಾಡುವಾಗ ಕೇಳಿದ 'ಅಪವರ್ತ್ಯ' ಅನ್ನೋ ಪದ ಮರೆತವರೂ ಈ ಸಾಲನ್ನ ಬಾಯಿಪಾಠ ಹೇಳ್ತಾರೆ.

ಬಳಕೆಯಾಗದ ಜಾಗ ಇಲ್ಲ. 24 ಬಿಟ್‌ನ ಬಿಎಂಪಿ ಚಿತ್ರದಲ್ಲಿ ಪ್ರತಿ ಸಾಲಿನ ಉದ್ದ 4ರ ಮಗ್ಗಿಗೆ ಏರಬೇಕು. ಐದು ಪಿಕ್ಸೆಲ್ ಅಗಲದ ಚಿತ್ರಕ್ಕೆ ಬೇಕಾದ್ದು 15 ಬೈಟು, ಬರೆಯೋದು 16. ಟಾರ್ ಫೈಲಿನೊಳಗೆ ಎಲ್ಲವೂ 512ರ ಲೆಕ್ಕ. ಮೆಮೊರಿಯ ಪುಟ ಸಾಮಾನ್ಯವಾಗಿ 4096 ಬೈಟು. ಇವೆಲ್ಲ ಯಂತ್ರದ ಅನುಕೂಲಕ್ಕೆ. ಇನ್ನು ದುಡ್ಡಿನ ಕಡೆ ಬನ್ನಿ. 61 ಸೆಕೆಂಡು ಮಾತಾಡಿ ಎರಡು ನಿಮಿಷದ ಕಾಸು ಕಟ್ಟಿದ ಕಾಲ ನೆನಪಿದೆಯಾ? ಅಲ್ಲಿ ಮಗ್ಗಿ 60. 2009ರಲ್ಲಿ ಟಾಟಾ ಡೊಕೊಮೊ ಸೆಕೆಂಡಿಗೆ ಒಂದು ಪೈಸೆ ಅಂತ ಬಂದಾಗ ಸೂತ್ರ ಬದಲಾಗಲಿಲ್ಲ, 'ಮ' 60ರಿಂದ 1ಕ್ಕೆ ಇಳೀತು, ಅಷ್ಟೆ. ಅಮೆಜಾನ್‌ನ ಲ್ಯಾಂಬ್ಡಾ ಸೇವೆಯಲ್ಲೂ ಇದೇ ಕಥೆ: 2020ರ ಡಿಸೆಂಬರ್‌ವರೆಗೆ ಓಡಿದ ಹೊತ್ತನ್ನ 100 ಮಿಲಿಸೆಕೆಂಡಿನ ಮಗ್ಗಿಗೆ ಏರಿಸಿ ಬಿಲ್ ಮಾಡ್ತಿದ್ರು, ಆಮೇಲೆ 1 ಮಿಲಿಸೆಕೆಂಡು. 101 ಮಿಲಿಸೆಕೆಂಡು ಓಡುವ ಫಂಕ್ಷನ್ ಇದ್ದವರ ಬಿಲ್ಲು ಒಂದು ಸಾಲು ಕೋಡು ಮುಟ್ಟದೆ ಹೆಚ್ಚುಕಮ್ಮಿ ಅರ್ಧಕ್ಕೆ ಬಂತು. 'ಮ' ಎಷ್ಟಿರಬೇಕು ಅನ್ನೋದು ಗಣಿತ ಹೇಳಲ್ಲ, ಯಾರೋ ಕೂತು ತೀರ್ಮಾನ ಮಾಡಿರ್ತಾರೆ. ಆದರೆ ಕೋಡಿನಲ್ಲಿ ಅದು ತೀರ್ಮಾನದ ಹಾಗೆ ಕಾಣಲ್ಲ, ಲೆಕ್ಕದ ಹಾಗೆ ಕಾಣುತ್ತೆ.

ಈ ಸಾಲಿನ ಮೇಲೆ ನನ್ನ ತಕರಾರು ಅಲ್ಲಿಂದಲೇ ಶುರು. ಸಾಲು ಚಂದವಾಗಿದೆ, ಆದರೆ ತನ್ನ ಷರತ್ತುಗಳನ್ನ ಎಲ್ಲೂ ಹೇಳಿಕೊಳ್ಳಲ್ಲ. ಮತ್ತೆ ನಾವು ಅದಕ್ಕೆ ಇಟ್ಟಿರುವ ಹೆಸರುಗಳು ಆ ಮೌನಕ್ಕೆ ಇನ್ನಷ್ಟು ಸಹಾಯ ಮಾಡ್ತವೆ.

ಹೆಸರಿನ ವಿಷಯದಲ್ಲಿ ಒಂದು ಒಳ್ಳೆಯ ಉದಾಹರಣೆ ಮೊದಲು ಹೇಳಿಬಿಡ್ತೀನಿ. ಹೆನ್ರಿ ವಾರೆನ್ ಬರೆದ 'ಹ್ಯಾಕರ್ಸ್ ಡಿಲೈಟ್' ಅನ್ನೋ ಪುಸ್ತಕ ಬಂದಿದ್ದು 2002ರಲ್ಲಿ. ಬಿಟ್‌ಗಳ ಜೊತೆ ಆಡುವವರಿಗೆ ಅದೊಂದು ಅಡುಗೆ ಪುಸ್ತಕ ಇದ್ದ ಹಾಗೆ. ಅದರ ಮೂರನೇ ಅಧ್ಯಾಯ ಪೂರ್ತಿ ಎರಡರ ಘಾತಗಳ ಗಡಿಯ ಬಗ್ಗೆ, ಅಂದ್ರೆ 2, 4, 8, 16 ಹೀಗೆ ಹೋಗುವ ಸಂಖ್ಯೆಗಳ ಬಗ್ಗೆ. ಮೇಲಕ್ಕೆ ಏರಿಸುವ ಸೂತ್ರ ಇರುವ ಭಾಗದ ತಲೆಬರಹದಲ್ಲೇ ವಾರೆನ್ ಷರತ್ತು ಹಾಕಿಬಿಡ್ತಾನೆ: ಮಗ್ಗಿ ಎರಡರ ಘಾತ ಆಗಿರಬೇಕು, ಅದೂ ಮೊದಲೇ ಗೊತ್ತಿರಬೇಕು. ಸೂತ್ರ ಓದುವ ಮುಂಚೆ ಷರತ್ತು ಓದಲೇಬೇಕು, ಬೇರೆ ದಾರಿ ಇಲ್ಲ. ಆದರೆ ಆಮೇಲೆ ಆಗಿದ್ದೇನು? ಜನ ಸೂತ್ರ ಕಾಪಿ ಮಾಡಿದರು, ತಲೆಬರಹ ಅಲ್ಲೇ ಉಳೀತು.

ಲಿನಕ್ಸ್ ಕರ್ನಲ್‌ಗೆ ಹೋಗೋಣ. ಅಲ್ಲಿ ಈ ಕೆಲಸಕ್ಕೆ ಎರಡು ಮ್ಯಾಕ್ರೊ ಇವೆ. ಒಂದರ ಹೆಸರು ರೌಂಡಪ್. ಇನ್ನೊಂದು ರೌಂಡ್_ಅಪ್. ನೀವು ಸರಿಯಾಗೇ ಓದಿದಿರಿ, ವ್ಯತ್ಯಾಸ ಇರೋದು ಮಧ್ಯದ ಆ ಅಡ್ಡಗೆರೆ ಮಾತ್ರ. ಮೊದಲನೆಯದು ನಾನು ಮೇಲೆ ಬರೆದ ಸೂತ್ರವೇ, ಯಾವ ಮಗ್ಗಿಗಾದರೂ ನಡೆಯುತ್ತೆ. ಎರಡನೆಯದು ಎರಡರ ಘಾತಗಳಿಗೆ ಮಾತ್ರ.

ಆ ಎರಡನೆಯದು ಎಷ್ಟು ಸೊಗಸಾಗಿದೆ ಅಂತ ಹೇಳದೆ ಅದನ್ನ ಬೈಯೋದು ಸರಿಯಲ್ಲ. ಹತ್ತರ ಪದ್ಧತಿಯಲ್ಲೇ ನೋಡಿ. 1234ನ್ನ ನೂರರ ಮಗ್ಗಿಗೆ ಏರಿಸಬೇಕು. ಮೊದಲು 1 ಕಳೆಯಿರಿ: 1233. ಕೊನೆಯ ಎರಡು ಅಂಕೆಗಳನ್ನ 9 ಮಾಡಿ: 1299. ಈಗ 1 ಕೂಡಿಸಿ: 1300. ಸ್ಕೂಟರಿನ ಹಳೇ ಮೀಟರಿನಲ್ಲಿ ಒಂಬತ್ತುಗಳೆಲ್ಲ ಒಟ್ಟಿಗೆ ಉರುಳಿ ಸೊನ್ನೆಯಾಗೋದು ನೋಡಿದ್ದೀರಲ್ಲ, ಅದೇ. 1300ಕ್ಕೇ ಮಾಡಿದರೆ 1299, 1299, ಮತ್ತೆ 1300; ಮೊದಲು 1 ಕಳೆದಿದ್ದು ಇದಕ್ಕೇ. ರೌಂಡ್_ಅಪ್ ಇದನ್ನೇ ಎರಡರ ಪದ್ಧತಿಯಲ್ಲಿ ಮಾಡುತ್ತೆ. ಒಂಬತ್ತಿನ ಬದಲು ಕೊನೆಯ ಬಿಟ್‌ಗಳನ್ನೆಲ್ಲ 'ಆರ್' ಹಾಕಿ 1 ಮಾಡುತ್ತೆ, ಆಮೇಲೆ ಒಂದು ಕೂಡಿಸುತ್ತೆ. ಭಾಗಾಕಾರ ಇಲ್ಲವೇ ಇಲ್ಲ. ಬರೆದವರಿಗೆ ಯಂತ್ರದ ನಾಡಿ ಗೊತ್ತು.

ಈಗ ಅದಕ್ಕೇ 12ರ ಮಗ್ಗಿ ಕೊಡಿ. 12 ಎರಡರ ಘಾತ ಅಲ್ಲ. 12ರಲ್ಲಿ ಒಂದು ಕಳೆದರೆ 11, ಎರಡರ ಪದ್ಧತಿಯಲ್ಲಿ 1011. ಮಧ್ಯದಲ್ಲಿ ಒಂದು ಸೊನ್ನೆ ಉಳೀತು, ಮೀಟರಿನ ಒಂದು ಚಕ್ರ ಸಿಕ್ಕಿಹಾಕಿಕೊಂಡ ಹಾಗೆ. 13 ಕೊಟ್ಟರೆ 24 ಬರಬೇಕು, 16 ಬರುತ್ತೆ. 24 ಕೊಟ್ಟರೆ ಅಲ್ಲೇ ನಿಲ್ಲಬೇಕು, 32 ಬರುತ್ತೆ. ಕಂಪೈಲರ್ ಏನೂ ಗೊಣಗಲ್ಲ, ಪ್ರೋಗ್ರಾಮ್ ಕುಸಿಯಲ್ಲ, ಒಂದು ಸಂಖ್ಯೆ ಬರುತ್ತೆ, ಅದು ತಪ್ಪು ಸಂಖ್ಯೆ, ಅಷ್ಟೆ.

ನನಗೆ ಭಯ ಹುಟ್ಟಿಸೋದು ತಪ್ಪು ಬರುವ ಸಂಖ್ಯೆಗಳಲ್ಲ, ಸರಿ ಬರುವ ಸಂಖ್ಯೆಗಳು. ಕಾಗದ ಪೆನ್ನು ಹಿಡಿದು ಲೆಕ್ಕ ಮಾಡಿ ನೋಡಿ. 1ರಿಂದ 4ರವರೆಗೆ ಕೊಟ್ಟರೆ ಉತ್ತರ 12, ಸರಿ. 9ರಿಂದ 12ರವರೆಗೂ ಉತ್ತರ 12, ಅದೂ ಸರಿ. ತಪ್ಪೋದು 5, 6, 7, 8ಕ್ಕೆ. ಅಲ್ಲಿ 16 ಬರುತ್ತೆ. ನಾವು ಯೂನಿಟ್ ಟೆಸ್ಟ್ ಹೇಗೆ ಬರೀತೀವಿ? 1 ಹಾಕ್ತೀವಿ, 12 ಹಾಕ್ತೀವಿ, ಗಡಿಯ ಹತ್ತಿರ ಅಂತ ಒಂದು 11 ಹಾಕ್ತೀವಿ. ಮೂರೂ ಹಸಿರು. ಗಡಿಯಲ್ಲಿ ಜಾಸ್ತಿ ಎಚ್ಚರ ಇರಬೇಕು ಅಂತ ಕಲಿತವರನ್ನೇ ಈ ಮ್ಯಾಕ್ರೊ ನಡುಮಧ್ಯದಲ್ಲಿ ಬೀಳಿಸುತ್ತೆ.

ಕರ್ನಲ್ ಬರೆಯುವವರು ಇದನ್ನ ಮುಚ್ಚಿಟ್ಟಿಲ್ಲ, ಮ್ಯಾಕ್ರೊದ ಮೇಲಿನ ಕಾಮೆಂಟಿನಲ್ಲಿ ಎರಡರ ಘಾತವೇ ಆಗಬೇಕು ಅಂತ ಬರೆದಿದ್ದಾರೆ. ಬೇರೆ ಸಂಖ್ಯೆಗಳಿಗೆ ಕೆಳಗಿನದನ್ನ ಬಳಸಿ ಅಂತಲೂ ಇದೆ. ಆದರೆ ಕಾಮೆಂಟ್ ಇರೋದು ಮ್ಯಾಕ್ರೊ ಹುಟ್ಟಿದ ಜಾಗದಲ್ಲಿ. ಬಳಸುವ ಸಾವಿರ ಜಾಗಗಳಲ್ಲಿ ಕಾಣೋದು ಹೆಸರು ಮಾತ್ರ. ಆ ಹೆಸರಿನೊಳಗೆ 'ಎರಡರ ಘಾತ' ಅನ್ನೋ ಮಾತು ಸೇರಿಸಿದ್ದರೆ ಹತ್ತು ಅಕ್ಷರ ಜಾಸ್ತಿ ಆಗ್ತಿತ್ತು. ಅಷ್ಟು ಜಿಪುಣತನ ಯಾಕೆ?

ವೇಗಕ್ಕೆ ಅಂತ ಎರಡನೆಯದು ಬೇಕು ಅನ್ನೋ ವಾದವನ್ನ ನಾನು ಅರ್ಧ ಮಾತ್ರ ಒಪ್ತೀನಿ. ಮಗ್ಗಿ 8 ಅಂತ ಕೋಡಿನಲ್ಲೇ ಬರೆದಿದ್ದು, ಸಂಖ್ಯೆಗೆ ಋಣ ಚಿಹ್ನೆ ಬರಲ್ಲ ಅಂತ ಕಂಪೈಲರ್‌ಗೆ ಗೊತ್ತಿದ್ದರೆ, ಜಿಸಿಸಿ ಆಗಲಿ ಕ್ಲ್ಯಾಂಗ್ ಆಗಲಿ ಭಾಗಾಕಾರವನ್ನ ತಾವೇ ತೆಗೆದುಹಾಕಿ ಬಿಟ್ ಕೆಲಸ ಮಾಡಿಬಿಡ್ತವೆ. ಮಗ್ಗಿ ಪ್ರೋಗ್ರಾಮ್ ಓಡುವಾಗ ತಿಳಿಯೋದಾದರೆ ಮಾತ್ರ ಕೈಯಿಂದ ಬರೆದಿದ್ದಕ್ಕೆ ಬೆಲೆ. ನಾವು ಇಂಟರ್‌ವ್ಯೂಗಳಲ್ಲಿ 'ಇದನ್ನ ಡಿವಿಷನ್ ಇಲ್ಲದೆ ಮಾಡಿ ತೋರಿಸಿ' ಅಂತ ಕೇಳಿ ಹುಬ್ಬು ಹಾರಿಸೋದಿದೆಯಲ್ಲ, ಅದು ಈ ವ್ಯತ್ಯಾಸವನ್ನ ಕಲಿಸಲ್ಲ. ಟ್ರಿಕ್ ಗೊತ್ತಿದ್ದವರು ಪಾಸು. ಟ್ರಿಕ್ ಎಲ್ಲಿ ಕೈ ಕೊಡುತ್ತೆ ಅಂತ ಕೇಳಿದವರನ್ನ ನಾನು ಕಂಡಿದ್ದು ಕಮ್ಮಿ.

ಇಷ್ಟು ಹೇಳಿದ ಮೇಲೆ ಮೊದಲನೆಯ ಸೂತ್ರವೇ ನಿರಪಾಯ ಅಂದುಕೊಂಡಿರಾ? ಅದರ ಮೌನ ಇನ್ನೂ ಆಳದ್ದು.

ಅದು ಮೊದಲು ಕೂಡಿಸುತ್ತೆ, ಆಮೇಲೆ ಭಾಗಿಸುತ್ತೆ. ಕಾಗದದ ಮೇಲೆ ಕೂಡಿಸೋಕೆ ಮಿತಿ ಇಲ್ಲ. 32 ಬಿಟ್‌ನ ಪೆಟ್ಟಿಗೆಯಲ್ಲಿ ಇದೆ: 4,29,49,67,295. ಅದಕ್ಕೆ ಒಂದು ಕೂಡಿಸಿದರೆ ಮೀಟರ್ ಸೊನ್ನೆಗೆ ಬರುತ್ತೆ. ಈಗ 12ರ ಮಗ್ಗಿಯಲ್ಲೇ 4,29,49,67,290 ತಗೊಳ್ಳಿ. ಸರಿಯಾದ ಉತ್ತರ 4,29,49,67,292. ಆ ಉತ್ತರಕ್ಕೆ ಪೆಟ್ಟಿಗೆಯಲ್ಲಿ ಜಾಗ ಇದೆ, ಅದನ್ನ ಗಮನಿಸಿ. ಆದರೆ ಸೂತ್ರ ಮೊದಲು 11 ಕೂಡಿಸುತ್ತೆ, ಮೊತ್ತ ಉಕ್ಕಿ ಹೊರಗೆ ಹೋಗುತ್ತೆ, ಒಳಗೆ ಉಳಿಯೋದು 5. ಐದನ್ನ 12ರಿಂದ ಭಾಗಿಸಿದರೆ ಸೊನ್ನೆ. ಸೊನ್ನೆ ಹನ್ನೆರಡ್ಲೆ ಸೊನ್ನೆ. ಮೇಲಕ್ಕೆ ಏರಿಸು ಅಂತ ಕೇಳಿದ್ದಕ್ಕೆ 429 ಕೋಟಿಯನ್ನ ಸೊನ್ನೆ ಮಾಡಿ ಕೈಗಿಟ್ಟಿತು.

ಇದು ಮಗ್ಗಿ ಎರಡರ ಘಾತ ಆಗಿದ್ದಾಗ ಆಗೋ ತಪ್ಪಿಗಿಂತ ಕೆಟ್ಟದ್ದು. 8ರ ಮಗ್ಗಿಯಲ್ಲಿ ಸೂತ್ರ ಉಕ್ಕೋದು ನಿಜವಾದ ಉತ್ತರಕ್ಕೇ ಪೆಟ್ಟಿಗೆಯಲ್ಲಿ ಜಾಗ ಇಲ್ಲದಾಗ ಮಾತ್ರ. ಅಲ್ಲಿ ಉತ್ತರವೇ ಇಲ್ಲ, ಸೂತ್ರ ಏನು ಮಾಡೀತು ಪಾಪ. 12ರ ಮಗ್ಗಿಯಲ್ಲಿ ಹಾಗಲ್ಲ. ಕೊನೆ ಅಂಕೆಗಳು 285ರಿಂದ 292ರವರೆಗಿನ ಎಂಟು ಸಂಖ್ಯೆಗಳಿಗೆ ಉತ್ತರ ಇದೆ, ಸೂತ್ರಕ್ಕೆ ಅದು ಸಿಗಲ್ಲ. ಶೇಷವನ್ನ ಮೊದಲು ನೋಡಿದ್ದರೆ ಸಿಗ್ತಿತ್ತು: 12ರಿಂದ ಭಾಗಿಸಿದಾಗ ಉಳಿಯೋದು 10, ಹಾಗಾದರೆ ಕೊರತೆ 2, ಅಷ್ಟನ್ನೇ ಕೂಡಿಸು. ಶೇಷ ಸೊನ್ನೆಯಾದರೆ ಸುಮ್ಮನಿರು. ಇದರಲ್ಲಿ ಒಂದು 'ಇಫ್' ಬರುತ್ತೆ, ನೋಡೋಕೆ ಸ್ವಲ್ಪ ಪೆದ್ದಾಗಿ ಕಾಣುತ್ತೆ. ನನಗೆ ಈ ಪೆದ್ದು ಆವೃತ್ತಿಯೇ ಇಷ್ಟ. ಅಂಗಡಿಯಲ್ಲಿ ಲೆಕ್ಕ ಮಾಡುವವರು ಮಾಡೋದೂ ಇದನ್ನೇ: ಡಜನ್‌ಗೆ ಎಷ್ಟು ಕಮ್ಮಿ ಇದೆ ನೋಡ್ತಾರೆ, ಅಷ್ಟು ಬಾಳೆಹಣ್ಣು ಸೇರಿಸ್ತಾರೆ. ಮೊದಲು ಹನ್ನೊಂದು ಹಣ್ಣು ಸೇರಿಸಿ ಆಮೇಲೆ ಜಾಸ್ತಿಯಾದದ್ದು ತೆಗೆಯೋದಿಲ್ಲ.

429 ಕೋಟಿ ಯಾರು ಕೊಡ್ತಾರೆ ಮಾರಾಯ್ರೆ ಅಂತ ನೀವು ಕೇಳಬಹುದು. ಕೊಡ್ತಾರೆ, ಬೇಕಂತಲೇ ಕೊಡ್ತಾರೆ. ನೆಟ್‌ವರ್ಕ್‌ನಿಂದ ಒಂದು ಪ್ಯಾಕೆಟ್ ಬಂತು ಅಂತಿಟ್ಟುಕೊಳ್ಳಿ, ಅದರ ತಲೆಯಲ್ಲಿ 'ನನ್ನ ಉದ್ದ ಇಷ್ಟು' ಅಂತ ಬರೆದಿರುತ್ತೆ. ಬರೆದವರು ಯಾರೋ. ನಿಮ್ಮ ಪ್ರೋಗ್ರಾಮ್ ಆ ಉದ್ದವನ್ನ 16ರ ಮಗ್ಗಿಗೆ ಏರಿಸಿ ಅಷ್ಟು ಮೆಮೊರಿ ಕೇಳುತ್ತೆ. ಏರಿಸಿದ್ದು ಸೊನ್ನೆ ಆಯ್ತು, ಮೆಮೊರಿ ಚೂರು ಸಿಕ್ತು. ಆಮೇಲೆ ಬರೆಯುವಾಗ ಮಾತ್ರ ಹಳೇ ಉದ್ದವನ್ನೇ ನಂಬಿ ಬರೆಯುತ್ತೆ. ಪಕ್ಕದಲ್ಲಿದ್ದದ್ದರ ಮೇಲೆಲ್ಲ ಬರಹ ಹರಿಯುತ್ತೆ. ದಾಳಿ ಮಾಡುವವರಿಗೆ ಬೇಕಾಗಿರೋದು ಅದೇ.

2021ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್‌ನ ಭದ್ರತಾ ಸಂಶೋಧಕರು 'ಬ್ಯಾಡ್‌ಅಲಾಕ್' ಅಂತ ಹೆಸರಿಟ್ಟು 25ಕ್ಕೂ ಹೆಚ್ಚು ದೋಷಗಳನ್ನ ಒಟ್ಟಿಗೆ ಬಯಲಿಗೆ ತಂದರು. ಕಾರ್ಖಾನೆ ಯಂತ್ರಗಳು, ಮನೆಯ ಸ್ಮಾರ್ಟ್ ಉಪಕರಣಗಳು, ಅವುಗಳೊಳಗೆ ಓಡುವ ಪುಟ್ಟ ಆಪರೇಟಿಂಗ್ ಸಿಸ್ಟಮ್‌ಗಳಲ್ಲಿ ಮೆಮೊರಿ ಹಂಚುವ ಫಂಕ್ಷನ್‌ಗಳು ಗಾತ್ರದ ಲೆಕ್ಕ ಉಕ್ಕಿದ್ದನ್ನ ಪರೀಕ್ಷಿಸ್ತಿರಲಿಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ ಬ್ಲ್ಯಾಕ್‌ಬೆರಿ ತನ್ನ ಕ್ಯೂಎನ್ಎಕ್ಸ್‌ನ ಹಳೇ ಆವೃತ್ತಿಗಳಲ್ಲೂ ಇದು ಇದೆ ಅಂತ ಹೇಳ್ತು. ಕ್ಯೂಎನ್ಎಕ್ಸ್ ಓಡೋದು ಕಾರುಗಳಲ್ಲಿ, ವೈದ್ಯಕೀಯ ಉಪಕರಣಗಳಲ್ಲಿ. ಅಲ್ಲಿ ಉಕ್ಕಿದ್ದು ನಮ್ಮ ಈ ಸಾಲೇ ಅಂತ ನಾನು ಹೇಳ್ತಿಲ್ಲ. ಅದೇ ಮನೆತನದ ಸಾಲುಗಳು: ಹೊರಗಿನಿಂದ ಬಂದ ಗಾತ್ರ, ಅದರ ಮೇಲೊಂದು ಮುಗ್ಧ ಲೆಕ್ಕ, ಮಿತಿಯ ಬಗ್ಗೆ ಚಕಾರ ಇಲ್ಲ. ಜಾಶುವಾ ಬ್ಲಾಕ್ 2006ರಲ್ಲಿ ಬರೆದಿದ್ದೂ ಈ ಮನೆತನದ ಬಗ್ಗೆಯೇ. ಬೈನರಿ ಸರ್ಚ್‌ನಲ್ಲಿ ಕೆಳಗಿನದು, ಮೇಲಿನದು ಎರಡನ್ನೂ ಕೂಡಿಸಿ ಅರ್ಧ ಮಾಡ್ತೀವಲ್ಲ, ಆ ಕೂಡಿಸೋದು ಉಕ್ಕುತ್ತೆ ಅಂತ. ಜಾವಾದ ಲೈಬ್ರರಿಯೊಳಗೇ ಆ ತಪ್ಪು ಸುಮಾರು ಒಂಬತ್ತು ವರ್ಷ ಕೂತಿತ್ತು.

ಋಣ ಸಂಖ್ಯೆಗಳ ಕಡೆ ಒಂದು ಸುತ್ತು ಹೋಗಿ ಬರೋಣ, ಜಾಸ್ತಿ ಹೊತ್ತು ನಿಲ್ಲಲ್ಲ. −13ನ್ನ 8ರ ಮಗ್ಗಿಗೆ ಏರಿಸಿದರೆ −8 ಬರಬೇಕು. ಪೈಥಾನಿನಲ್ಲಿ ಪೂರ್ಣಾಂಕ ಭಾಗಾಕಾರದ ಚಿಹ್ನೆ ಹಾಕಿ ಇದೇ ಸೂತ್ರ ಬರೆದರೆ −8 ಬರುತ್ತೆ. ಸಿ ಅಥವಾ ಜಾವಾದಲ್ಲಿ ಸೊನ್ನೆ ಬರುತ್ತೆ, ಯಾಕಂದ್ರೆ ಅಲ್ಲಿ ಭಾಗಾಕಾರ ಸೊನ್ನೆಯ ಕಡೆಗೆ ಕತ್ತರಿಸುತ್ತೆ, ಪೈಥಾನಿನಲ್ಲಿ ಕೆಳಗಿನ ಕಡೆಗೆ. ತಮಾಷೆ ಅಂದ್ರೆ ಸಿ ಭಾಷೆಯಲ್ಲಿ −16 ಕೊಟ್ಟರೆ ಅದು ಮೆಟ್ಟಿಲ ಮೇಲೇ ಇದ್ದರೂ −8ಕ್ಕೆ ಹಾರುತ್ತೆ. ಎಕ್ಸೆಲ್‌ನ ಸೀಲಿಂಗ್ ಫಂಕ್ಷನ್ ಇನ್ನೂ ಒಂದು ಹೆಜ್ಜೆ ಮುಂದೆ: −13ಕ್ಕೆ 8 ಕೊಟ್ಟರೆ −8, −13ಕ್ಕೆ −8 ಕೊಟ್ಟರೆ −16, 13ಕ್ಕೆ −8 ಕೊಟ್ಟರೆ ದೋಷ. 'ಮೇಲೆ' ಅಂದ್ರೆ ಯಾವ ಕಡೆ ಅನ್ನೋದನ್ನ ಮಗ್ಗಿಯ ಚಿಹ್ನೆಯೊಳಗೆ ಬಚ್ಚಿಟ್ಟಿದ್ದಾರೆ. 2013ರ ಎಕ್ಸೆಲ್‌ನಲ್ಲಿ ದಿಕ್ಕು ಬೇರೆಯಾಗಿ ಹೇಳುವ ಇನ್ನೊಂದು ಫಂಕ್ಷನ್ ಬಂತು, ಹಳೆಯದೂ ಹಾಗೇ ಇದೆ.

ದಶಮಾಂಶಕ್ಕೆ ಹೋಗಿ ಸೀಲ್ ಮಾಡಿ ವಾಪಸ್ ಬರುವವರಿಗೂ ಒಂದು ಮಾತು. 9,00,71,99,25,47,40,993ನ್ನ ಪೈಥಾನಿನಲ್ಲಿ 2ರಿಂದ ಭಾಗಿಸಿ, ಸೀಲ್ ಮಾಡಿ, 2ರಿಂದ ಗುಣಿಸಿ ನೋಡಿ. ಕೊನೆ ಅಂಕೆ 4 ಬರಬೇಕಾದಲ್ಲಿ 2 ಬರುತ್ತೆ. ಮೇಲಕ್ಕೆ ಹತ್ತಿಸೋಕೆ ಹೋಗಿ ಕೆಳಗೆ ಇಳಿಸಿತು.

ಹಾಗಾದ್ರೆ ಇದನ್ನ ಯಾರಾದರೂ ಚೆನ್ನಾಗಿ ಬರೆದಿದ್ದಾರಾ? ಹತ್ತಿರ ಬಂದಿರೋದು ರಸ್ಟ್ ಭಾಷೆ. 2023ರಲ್ಲಿ ಬಂದ 1.73ನೇ ಆವೃತ್ತಿಯಲ್ಲಿ ಋಣ ಚಿಹ್ನೆ ಇಲ್ಲದ ಪೂರ್ಣಾಂಕಗಳಿಗೆ 'ನೆಕ್ಸ್ಟ್_ಮಲ್ಟಿಪಲ್_ಆಫ್' ಅಂತ ಒಂದು ಫಂಕ್ಷನ್ ಕೊಟ್ಟರು. ಋಣ ಸಂಖ್ಯೆಗಳ ಜಗಳವನ್ನ ಬಾಗಿಲಲ್ಲೇ ನಿಲ್ಲಿಸಿದ್ದು ಒಳ್ಳೇ ನಿರ್ಧಾರ. ಎರಡರ ಘಾತದ ಗುಟ್ಟಿನ ಷರತ್ತೂ ಇಲ್ಲ.

ಆದರೂ ಹೆಸರಿನಲ್ಲಿ 'ನೆಕ್ಸ್ಟ್' ಅನ್ನೋದು ನನಗೆ ಸರಿ ಬರಲ್ಲ. ಮೆಜೆಸ್ಟಿಕ್‌ನಲ್ಲಿ ನಿಂತು ನೆಕ್ಸ್ಟ್ ಸ್ಟಾಪ್ ಯಾವುದು ಅಂತ ಕೇಳಿದರೆ ಯಾರೂ ಮೆಜೆಸ್ಟಿಕ್ ಅನ್ನಲ್ಲ. ಈ ಫಂಕ್ಷನ್ 16ಕ್ಕೆ 8ರ ಮಗ್ಗಿಯ 'ನೆಕ್ಸ್ಟ್' ಕೇಳಿದರೆ 16 ಅನ್ನುತ್ತೆ. ಬರೀ ಪದದ ಚೌಕಾಸಿ ಅಂದ್ಕೋಬೇಡಿ. ನಿಜವಾಗಿಯೂ ಮುಂದಿನದ್ದೇ ಬೇಕಾದ ಜಾಗಗಳಿವೆ. ಎಇಎಸ್ ಗೂಢಲಿಪಿಗೆ ಹಾಕುವ ಪಿಕೆಸಿಎಸ್ 7 ಪ್ಯಾಡಿಂಗ್‌ನಲ್ಲಿ 16 ಬೈಟಿನ ಸಂದೇಶ 16ರಲ್ಲೇ ಉಳಿಯೋ ಹಾಗಿಲ್ಲ, 32 ಆಗಲೇಬೇಕು. ಇಲ್ಲದಿದ್ದರೆ ಬಿಚ್ಚುವಾಗ ಕೊನೆಯ ಬೈಟು ಸಂದೇಶದ್ದೋ ತುಂಬಿದ್ದೋ ಅಂತ ಗೊತ್ತಾಗಲ್ಲ. ಅಲ್ಲಿ ಈ ಹೆಸರನ್ನ ನಂಬಿ ಬಳಸಿದವರಿಗೆ 15 ಬೈಟಿಗೂ 17 ಬೈಟಿಗೂ ಸರಿ ಬಂದು 16ಕ್ಕೆ ಮಾತ್ರ ಕೈ ಕೊಡುತ್ತೆ.

ಇನ್ನು ಉಕ್ಕುವ ವಿಷಯ. ಡೀಬಗ್ ಬಿಲ್ಡ್‌ನಲ್ಲಿ ಲೆಕ್ಕ ಉಕ್ಕಿದರೆ ರಸ್ಟ್ ಅಲ್ಲೇ ಬೊಬ್ಬೆ ಹಾಕಿ ನಿಲ್ಲುತ್ತೆ. ರಿಲೀಸ್ ಬಿಲ್ಡ್‌ನಲ್ಲಿ, ನೀವಾಗಿ ಸೆಟ್ಟಿಂಗ್ ಬದಲಾಯಿಸದಿದ್ದರೆ, ಸುಮ್ಮನೆ ಸುತ್ತಿಬಿಡುತ್ತೆ. ಅಂದ್ರೆ ನಮ್ಮ ಲ್ಯಾಪ್‌ಟಾಪಿನಲ್ಲಿ ಹೇಳುವ ಸತ್ಯವನ್ನ ಗ್ರಾಹಕರ ಯಂತ್ರದಲ್ಲಿ ಹೇಳಲ್ಲ. ಪ್ರಾಮಾಣಿಕವಾದ ಆವೃತ್ತಿ ಬೇರೆ ಇದೆ, ಹೆಸರು 'ಚೆಕ್ಡ್_ನೆಕ್ಸ್ಟ್_ಮಲ್ಟಿಪಲ್_ಆಫ್'. ಉತ್ತರ ಪೆಟ್ಟಿಗೆಯಲ್ಲಿ ಹಿಡಿಸದಿದ್ದರೆ, ಮಗ್ಗಿ ಸೊನ್ನೆಯಾದರೆ, 'ಇಲ್ಲ' ಅಂತ ಕೊಡುತ್ತೆ. ಆ 'ಇಲ್ಲ'ವನ್ನ ಏನು ಮಾಡ್ತೀರಿ ಅಂತ ಬರೆಯದೆ ಕೋಡು ಮುಂದೆ ಹೋಗಲ್ಲ. ಇದೇ ಚಿಕ್ಕ ಹೆಸರಿನದಾಗಿದ್ದು, ಸುಮ್ಮನೆ ಸುತ್ತುವುದಕ್ಕೆ ಉದ್ದ ಹೆಸರು ಇಟ್ಟಿದ್ದರೆ ನಾನು ಪೂರ್ತಿ ಅಂಕ ಕೊಡ್ತಿದ್ದೆ. ಶುಕ್ರವಾರ ಸಂಜೆ ಆರು ಗಂಟೆಗೆ, ಟಿಕೆಟ್ ಮುಚ್ಚುವ ಗಡಿಬಿಡಿಯಲ್ಲಿ, ಎರಡರಲ್ಲಿ ಯಾವುದನ್ನ ಟೈಪ್ ಮಾಡ್ತೀವಿ ಅಂತ ಹೆಸರಿಟ್ಟವರಿಗೂ ಗೊತ್ತಿರುತ್ತೆ.